ಎರಡು ಕಾರ್ಯಾಚರಣಾ ವ್ಯವಸ್ಥೆಗಳ ಗಣಕ ಮತ್ತು ಜಾನಪದ ದಾಖಲೆ: ತೊಡಕುಗಳ ಪತ್ತೆ ಮತ್ತು ಪರಿಹಾರ

1. ಪೀಠಿಕೆ

ಜಾನಪದ ಕ್ಷೇತ್ರಕಾರ್ಯದಲ್ಲಿ ಧ್ವನಿಸುರುಳಿಗಿದ್ದ ಸ್ಥಾನವನ್ನು ಇಂದು ಗಣಕವು ಪಡೆದುಕೊಂಡಿದೆ. ಕಂಸಾಳೆಯವರು ಹಾಡುವ ಮಲೆಯ ಮಾದೇಶ್ವರನ ಕಾವ್ಯವಾಗಲಿ, ನೀಲಗಾರರು ಹಾಡುವ ಮಂಟೇಸ್ವಾಮಿ ಕಾವ್ಯವಾಗಲಿ, ಬೀಸುವ ಕಲ್ಲಿನ ಪದವಾಗಲಿ ಧ್ವನಿಗ್ರಾಹಕದ ಮೆಮೊರಿ ಕಾರ್ಡಿನಿಂದ ನೇರವಾಗಿ ಗಣಕದ ಡಿಸ್ಕಿಗೆ ಸೇರುತ್ತದೆ. ಅಲ್ಲಿಂದ ಮುಂದೆ ಲಿಪ್ಯಂತರ, ಪಾಠ ಪರಿಶೀಲನೆ, ಟಿಪ್ಪಣಿ, ಮುದ್ರಣ ಎಂಬ ದೀರ್ಘ ಪ್ರಕ್ರಿಯೆ ಆರಂಭವಾಗುತ್ತದೆ. ತುಳುನಾಡಿನ ಗೋಪಾಲ ನಾಯ್ಕರು ಹಾಡಿದ ಸಿರಿ ಕಾವ್ಯವನ್ನು ಫಿನ್ಲೆಂಡಿನ ವಿದ್ವಾಂಸ ಲೌರಿ ಹಾಂಕೊ ಮತ್ತು ಅವರ ಸಂಗಡಿಗರು 1990ರಲ್ಲಿ ದಾಖಲಿಸಿದರು. 15,683 ಸಾಲುಗಳ ಆ ಪಠ್ಯವು ಗ್ರಂಥರೂಪದಲ್ಲಿ ಪ್ರಕಟವಾದುದು 1998ರಲ್ಲಿ. ಧ್ವನಿಮುದ್ರಣಕ್ಕೂ ಮುದ್ರಣಕ್ಕೂ ನಡುವೆ ಇಂತಹ ಎಂಟು ವರ್ಷಗಳ ಅಂತರ ಜಾನಪದ ಅಧ್ಯಯನದಲ್ಲಿ ಅಸಹಜವೇನೂ ಅಲ್ಲ. ಈ ಅವಧಿಯುದ್ದಕ್ಕೂ ಮೂಲ ದಾಖಲೆ ಸುರಕ್ಷಿತವಾಗಿ ಉಳಿಯಬೇಕು. ಹಾಡಿದವರು ತೀರಿಕೊಂಡ ಬಳಿಕ ಆ ದಾಖಲೆಗೆ ಪರ್ಯಾಯವೇ ಇರುವುದಿಲ್ಲ.

ಈ ದಾಖಲೆಗಳನ್ನು ಹೊತ್ತಿರುವ ಗಣಕಗಳಲ್ಲಿ ಇತ್ತೀಚೆಗೆ ಎರಡು ಕಾರ್ಯಾಚರಣಾ ವ್ಯವಸ್ಥೆಗಳನ್ನು ಒಟ್ಟಿಗೆ ಇರಿಸಿಕೊಳ್ಳುವ ಕ್ರಮ ಬೆಳೆಯುತ್ತಿದೆ. ಇದಕ್ಕೆ ಎರಡು ಕಾರಣಗಳಿವೆ. ಮೊದಲನೆಯದಾಗಿ, ನುಡಿ ಮತ್ತು ಬರಹ ತಂತ್ರಾಂಶಗಳಲ್ಲಿ ಸಿದ್ಧವಾದ ಹಳೆಯ ಲಿಪ್ಯಂತರಗಳನ್ನೂ ಪುಟವಿನ್ಯಾಸದ ಕಡತಗಳನ್ನೂ ತೆರೆಯಲು ವಿಂಡೋಸ್ ಬೇಕಾಗುತ್ತದೆ. ಎರಡನೆಯದಾಗಿ, ವಿಂಡೋಸ್ 10ಕ್ಕೆ ತಯಾರಕರು ನೀಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹಲವು ಹಳೆಯ ಗಣಕಗಳು ವಿಂಡೋಸ್ 11ರ ಯಂತ್ರಾಂಶದ ಅಗತ್ಯಗಳನ್ನು ಪೂರೈಸುವುದಿಲ್ಲ. ಅಂತಹ ಗಣಕವನ್ನು ಬಿಸಾಡದೆ ಅದರಲ್ಲಿ ಉಬುಂಟುವಿನಂತಹ ಲಿನಕ್ಸ್ ವ್ಯವಸ್ಥೆಯನ್ನು ಪಕ್ಕದಲ್ಲಿ ಸ್ಥಾಪಿಸಿಕೊಳ್ಳುವುದು ಮಿತವ್ಯಯದ ಮಾರ್ಗವಾಗಿದೆ.

ತೊಡಕು ಹುಟ್ಟುವುದು ಎರಡನೆಯ ವ್ಯವಸ್ಥೆಯನ್ನು ಸ್ಥಾಪಿಸಿದ ನಂತರ. ಗಣಕವು ಆರಂಭವಾಗದೆ ಕಪ್ಪು ಪರದೆಯಲ್ಲಿ ನಿಲ್ಲುತ್ತದೆ, ಅಥವಾ ಹಿಂದಿನ ವ್ಯವಸ್ಥೆ ಕಾಣದಾಗುತ್ತದೆ, ಅಥವಾ ಕಡತಗಳು ತೆರೆಯುವುದಿಲ್ಲ. ಇಂತಹ ಸಂದರ್ಭದಲ್ಲಿ ಗಣಕ ರಿಪೇರಿಯ ಅಂಗಡಿಗಳಲ್ಲಿ ಸಾಮಾನ್ಯವಾಗಿ ಕೇಳಿಬರುವ ಸಲಹೆ ‘ಫಾರ್ಮ್ಯಾಟ್ ಮಾಡಿಬಿಡೋಣ’ ಎಂಬುದು. ಪತ್ರವ್ಯವಹಾರಕ್ಕಷ್ಟೇ ಬಳಕೆಯಾಗುವ ಗಣಕಕ್ಕೆ ಈ ಸಲಹೆ ಒಗ್ಗಬಹುದು. ಕ್ಷೇತ್ರಕಾರ್ಯದ ಏಕೈಕ ಪ್ರತಿಯನ್ನು ಹೊತ್ತ ಗಣಕಕ್ಕೆ ಅದು ಮಾರಕ. ಎರಡನೆಯ ವ್ಯವಸ್ಥೆಯ ಸ್ಥಾಪನೆಯ ನಂತರ ಕೆಡುವುದು ಬಹುಮಟ್ಟಿಗೆ ದಾಖಲೆಗೆ ಹೋಗುವ ದಾರಿಯೇ ಹೊರತು ದಾಖಲೆಯಲ್ಲ. ಈ ವ್ಯತ್ಯಾಸವನ್ನು ಆಧಾರವಾಗಿಟ್ಟುಕೊಂಡು ತೊಡಕುಗಳ ಸ್ವರೂಪ ಹಾಗೂ ಪರಿಹಾರಗಳನ್ನು ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

2. ಗಣಕವು ಆರಂಭಗೊಳ್ಳುವ ಬಗೆ

ವಿದ್ಯುತ್ ಹರಿದ ಕೂಡಲೇ ಗಣಕವು ನೇರವಾಗಿ ವಿಂಡೋಸನ್ನಾಗಲಿ ಲಿನಕ್ಸನ್ನಾಗಲಿ ತೆರೆಯುವುದಿಲ್ಲ. ಮದರ್‌ಬೋರ್ಡಿನಲ್ಲಿ ಅಡಕವಾಗಿರುವ ಆರಂಭಿಕ ತಂತ್ರಾಂಶವು ಮೊದಲು ಎಚ್ಚರಗೊಂಡು ಯಂತ್ರದ ಭಾಗಗಳನ್ನು ಪರೀಕ್ಷಿಸುತ್ತದೆ. ಆನಂತರ ಡಿಸ್ಕಿನ ನಿಗದಿತ ಸ್ಥಳದಲ್ಲಿರುವ ಬೂಟ್ ಲೋಡರ್ ಎಂಬ ಕಿರುತಂತ್ರಾಂಶಕ್ಕೆ ಅಧಿಕಾರವನ್ನು ಒಪ್ಪಿಸುತ್ತದೆ. ಕಾರ್ಯಾಚರಣಾ ವ್ಯವಸ್ಥೆಯನ್ನು ತೆರೆಯುವುದು ಆ ಬೂಟ್ ಲೋಡರಿನ ಕೆಲಸ. ವಿಂಡೋಸಿಗೆ ತನ್ನದೇ ಬೂಟ್ ಮ್ಯಾನೇಜರ್ ಇದೆ. ಲಿನಕ್ಸಿನ ಹೆಚ್ಚಿನ ವಿತರಣೆಗಳು ಗ್ರಬ್ ಎಂಬುದನ್ನು ಬಳಸುತ್ತವೆ. ಎರಡು ವ್ಯವಸ್ಥೆಗಳಿರುವ ಗಣಕದಲ್ಲಿ ಗ್ರಬ್ ಒಂದು ಆಯ್ಕೆಪಟ್ಟಿಯನ್ನು ತೋರಿಸಿ ಬಳಕೆದಾರರ ಇಚ್ಛೆಯಂತೆ ಮುಂದುವರಿಯುತ್ತದೆ.

ಈ ವ್ಯವಸ್ಥೆಯಲ್ಲಿ ಎರಡು ಪದ್ಧತಿಗಳಿವೆ. ಬಯಾಸ್ ಎಂಬ ಹಳೆಯ ಪದ್ಧತಿಯಲ್ಲಿ ಡಿಸ್ಕಿನ ಮೊದಲ 512 ಬೈಟುಗಳು ನಿರ್ಣಾಯಕ. ಮಾಸ್ಟರ್ ಬೂಟ್ ರೆಕಾರ್ಡ್ ಎಂದು ಕರೆಯಲಾಗುವ ಈ ಭಾಗದಲ್ಲಿ ಸ್ಥೂಲವಾಗಿ 446 ಬೈಟುಗಳು ಆರಂಭಿಕ ಸೂಚನೆಗಳಿಗೆ, 64 ಬೈಟುಗಳು ಡಿಸ್ಕಿನ ವಿಭಾಗಗಳ ಪಟ್ಟಿಗೆ, ಉಳಿದ 2 ಬೈಟುಗಳು ಗುರುತಿಗೆ ಮೀಸಲಾಗಿರುತ್ತವೆ. ಲಿನಕ್ಸ್ ಇರುವ ಗಣಕದಲ್ಲಿ ವಿಂಡೋಸನ್ನು ನಂತರ ಸ್ಥಾಪಿಸಿದರೆ ಅದು ಆ 446 ಬೈಟುಗಳ ಮೇಲೆ ತನ್ನ ಸೂಚನೆಗಳನ್ನು ಬರೆದು ಗ್ರಬ್ಬನ್ನು ಅಳಿಸುತ್ತದೆ. ಯುಇಎಫ್‌ಐ ಎಂಬ ಹೊಸ ಪದ್ಧತಿಯಲ್ಲಿ ಬೂಟ್ ಲೋಡರುಗಳಿಗೆಂದೇ ಡಿಸ್ಕಿನಲ್ಲಿ ಒಂದು ಚಿಕ್ಕ ವಿಭಾಗವಿರುತ್ತದೆ. ವಿಂಡೋಸಿನ ಹಾಗೂ ಲಿನಕ್ಸಿನ ಬೂಟ್ ಲೋಡರುಗಳು ಅದರೊಳಗೆ ಬೇರೆ ಬೇರೆ ಕೋಶಗಳಲ್ಲಿ ಒಟ್ಟಿಗೆ ಇರಬಲ್ಲವು. ಯಾವುದು ಮೊದಲು ತೆರೆಯಬೇಕೆಂಬ ಅನುಕ್ರಮವು ಮದರ್‌ಬೋರ್ಡಿನ ಸ್ಮೃತಿಯಲ್ಲಿ ದಾಖಲಾಗಿರುತ್ತದೆ. ಆದುದರಿಂದ ಹೊಸ ಪದ್ಧತಿಯಲ್ಲಿ ಒಂದು ಮತ್ತೊಂದನ್ನು ಅಳಿಸುವುದು ವಿರಳ. ಸಾಮಾನ್ಯವಾಗಿ ಬದಲಾಗುವುದು ಅನುಕ್ರಮ ಮಾತ್ರ.

ಇಲ್ಲಿ ಪ್ರಮಾಣವನ್ನು ಗಮನಿಸಬೇಕು. 24 ಬಿಟ್, 48 ಕಿಲೋಹರ್ಟ್ಸ್ ಗುಣಮಟ್ಟದ ಸ್ಟೀರಿಯೋ ಧ್ವನಿಮುದ್ರಣವು ಗಂಟೆಗೆ ಸುಮಾರು 1 ಗಿಗಾಬೈಟ್ ಸ್ಥಳವನ್ನು ಬೇಡುತ್ತದೆ. ರಾತ್ರಿಯಿಡೀ ಎಂಟು ಗಂಟೆ ನಡೆದ ಕಥಾಗಾಯನವೊಂದು 8 ಗಿಗಾಬೈಟಿಗೂ ಮಿಗಿಲು. ಗಣಕ ಆರಂಭವಾಗದಂತೆ ಮಾಡಿರುವುದು ಕೆಲವು ನೂರು ಬೈಟುಗಳ ಬದಲಾವಣೆಯಾಗಿರಬಹುದು. ಕಥಾಗಾಯನವಿರುವ ವಿಭಾಗವನ್ನು ಆ ಬದಲಾವಣೆ ಮುಟ್ಟಿರುವುದೇ ಇಲ್ಲ. ಫಾರ್ಮ್ಯಾಟ್ ಎಂಬ ಕ್ರಿಯೆಯಾದರೋ ನೇರವಾಗಿ ಆ ವಿಭಾಗವನ್ನೇ ಮುಟ್ಟುತ್ತದೆ.

3. ಮೊದಲ ಹೆಜ್ಜೆ: ದುರಸ್ತಿಗೆ ಮುನ್ನ ಪ್ರತಿ

ತೊಡಕು ಯಾವುದೇ ಇರಲಿ, ಡಿಸ್ಕಿನ ಮೇಲೆ ಏನನ್ನೂ ಬರೆಯದಿರುವುದು ಮೊದಲ ನಿಯಮ. ಇದಕ್ಕೆ ಅನುಕೂಲವಾದ ಸಾಧನವೆಂದರೆ ಪೆನ್‌ಡ್ರೈವಿನಿಂದಲೇ ನಡೆಯುವ ಲಿನಕ್ಸ್. ಹೆಚ್ಚಿನ ಲಿನಕ್ಸ್ ವಿತರಣೆಗಳ ಸ್ಥಾಪನಾ ಪೆನ್‌ಡ್ರೈವಿನಲ್ಲಿ ‘ಸ್ಥಾಪಿಸದೆ ಬಳಸಿ ನೋಡು’ ಎಂಬ ಅರ್ಥದ ಆಯ್ಕೆಯೊಂದಿರುತ್ತದೆ. ಗಣಕವನ್ನು ಆ ಮೂಲಕ ಆರಂಭಿಸಿದರೆ ಆಂತರಿಕ ಡಿಸ್ಕಿನ ವಿಭಾಗಗಳನ್ನು ಓದಲು ಮಾತ್ರ ಎಂಬ ಸ್ಥಿತಿಯಲ್ಲಿ ತೆರೆದು ನೋಡಬಹುದು.

ಧ್ವನಿಕಡತಗಳು, ಛಾಯಾಚಿತ್ರಗಳು, ಲಿಪ್ಯಂತರಗಳು ಕಂಡುಬಂದರೆ ಅವುಗಳನ್ನು ಬಾಹ್ಯ ಡಿಸ್ಕೊಂದಕ್ಕೆ ಪ್ರತಿ ಮಾಡಿ, ಮೂಲ ಹಾಗೂ ಪ್ರತಿಗಳ ಎಸ್‌ಎಚ್‌ಎ-256 ಮೊತ್ತಗಳನ್ನು ಹೋಲಿಸಬೇಕು. ಕಡತದ ಒಂದು ಬೈಟು ವ್ಯತ್ಯಾಸವಾದರೂ ಈ ಮೊತ್ತ ಬೇರೆಯಾಗುವುದರಿಂದ ಪ್ರತಿಯ ಶುದ್ಧತೆಯನ್ನು ಇದರಿಂದ ಖಚಿತಪಡಿಸಿಕೊಳ್ಳಬಹುದು. ಡಿಸ್ಕಿನಿಂದ ಟಕಟಕ ಸದ್ದು ಬರುತ್ತಿದ್ದರೆ ಅಥವಾ ಪ್ರತಿ ಮಾಡುವಾಗ ಪದೇಪದೇ ಓದುವಿಕೆಯ ದೋಷ ಕಾಣಿಸಿದರೆ ಅದು ಬೂಟ್ ಲೋಡರಿನ ತೊಡಕಲ್ಲ, ಡಿಸ್ಕಿನದೇ ಕಾಯಿಲೆ. ಆಗ ಗಣಕವನ್ನು ನಿಲ್ಲಿಸಿ ದತ್ತಾಂಶ ಮರುಪಡೆಯುವ ತಜ್ಞರಿಗೆ ಒಪ್ಪಿಸುವುದು ಲೇಸು. ಪ್ರತಿ ಸಿದ್ಧವಾದ ಬಳಿಕ ಮಾತ್ರ ದುರಸ್ತಿಗೆ ಕೈಹಾಕಬೇಕು.

4. ಆರಂಭಕ್ಕೆ ಸಂಬಂಧಿಸಿದ ತೊಡಕುಗಳು

4.1 ವಿಂಡೋಸ್ ಮಾತ್ರ ತೆರೆಯುವುದು: ಆಯ್ಕೆಪಟ್ಟಿಯೇ ಕಾಣದೆ ವಿಂಡೋಸ್ ನೇರವಾಗಿ ತೆರೆದರೆ ಯುಇಎಫ್‌ಐ ಗಣಕದಲ್ಲಿ ಅನುಕ್ರಮ ಬದಲಾಗಿದೆ ಎಂದು ಊಹಿಸಬಹುದು. ಗಣಕ ಆರಂಭವಾಗುವಾಗ ಸೆಟಪ್ ಪುಟವನ್ನು ತೆರೆದು ಬೂಟ್ ಅನುಕ್ರಮದಲ್ಲಿ ಲಿನಕ್ಸಿನ ಹೆಸರನ್ನು ಮೇಲಕ್ಕೆ ತಂದರೆ ಸಾಕಾಗುತ್ತದೆ. ಹಳೆಯ ಬಯಾಸ್ ಗಣಕದಲ್ಲಿ ಪೆನ್‌ಡ್ರೈವಿನ ಲಿನಕ್ಸಿನಿಂದ ಗ್ರಬ್ಬನ್ನು ಡಿಸ್ಕಿನ ಆರಂಭದಲ್ಲಿ ಮರುಸ್ಥಾಪಿಸಬೇಕಾಗುತ್ತದೆ.

4.2 ಲಿನಕ್ಸ್ ಮಾತ್ರ ತೆರೆಯುವುದು: ಗ್ರಬ್ ಆಯ್ಕೆಪಟ್ಟಿಯಲ್ಲಿ ವಿಂಡೋಸಿನ ಹೆಸರಿಲ್ಲದಿದ್ದರೆ ವಿಂಡೋಸ್ ಅಳಿದುಹೋಯಿತೆಂದು ಗಾಬರಿಯಾಗುವವರೇ ಹೆಚ್ಚು. ಇತರ ವ್ಯವಸ್ಥೆಗಳನ್ನು ಹುಡುಕಿ ಪಟ್ಟಿಗೆ ಸೇರಿಸುವುದು ಓಎಸ್-ಪ್ರೋಬರ್ ಎಂಬ ಸಹಾಯಕ ತಂತ್ರಾಂಶದ ಕೆಲಸ. 2021ರಲ್ಲಿ ಬಂದ ಗ್ರಬ್ 2.06ರಿಂದ ಈಚೆಗೆ ಭದ್ರತೆಯ ಕಾರಣದಿಂದ ಇದನ್ನು ಪೂರ್ವನಿಯೋಜಿತವಾಗಿ ನಿಷ್ಕ್ರಿಯಗೊಳಿಸಲಾಗಿದೆ. ಗ್ರಬ್ಬಿನ ಸಂರಚನಾ ಕಡತದಲ್ಲಿ ಅದನ್ನು ಸಕ್ರಿಯಗೊಳಿಸಿ ಪಟ್ಟಿಯನ್ನು ನವೀಕರಿಸಿದರೆ ವಿಂಡೋಸಿನ ಹೆಸರು ಮರಳಿ ಕಾಣಿಸುತ್ತದೆ.

ಹಾಗೆ ಮಾಡಿಯೂ ಕಾಣದಿದ್ದರೆ ಎರಡೂ ವ್ಯವಸ್ಥೆಗಳು ಒಂದೇ ಪದ್ಧತಿಯಲ್ಲಿ ಸ್ಥಾಪಿತವಾಗಿವೆಯೇ ಎಂಬುದನ್ನು ಪರಿಶೀಲಿಸಬೇಕು. ಒಂದು ಬಯಾಸ್ ಪದ್ಧತಿಯಲ್ಲಿಯೂ ಇನ್ನೊಂದು ಯುಇಎಫ್‌ಐ ಪದ್ಧತಿಯಲ್ಲಿಯೂ ಇದ್ದರೆ ಗ್ರಬ್ ಒಂದರಿಂದ ಇನ್ನೊಂದಕ್ಕೆ ದಾಟಿಸಲಾರದು. ವಿಂಡೋಸಿನ ಸಿಸ್ಟಂ ಮಾಹಿತಿಯ ಪುಟದಲ್ಲಿ ಬಯಾಸ್ ಮೋಡ್ ಎಂಬ ಸಾಲು ಇದನ್ನು ತಿಳಿಸುತ್ತದೆ. ಲಿನಕ್ಸನ್ನು ವಿಂಡೋಸಿನ ಪದ್ಧತಿಯಲ್ಲಿಯೇ ಮರುಸ್ಥಾಪಿಸುವುದು ಇದಕ್ಕೆ ಸರಳ ಪರಿಹಾರ.

4.3 ಗ್ರಬ್ ರೆಸ್ಕ್ಯೂ: ಲಿನಕ್ಸ್ ಬೇಡವೆಂದು ವಿಂಡೋಸಿನ ಒಳಗಿನಿಂದ ಅದರ ವಿಭಾಗವನ್ನು ಅಳಿಸಿದಾಗ ಈ ತೊಡಕು ವಿಶೇಷವಾಗಿ ಕಾಣಿಸಿಕೊಳ್ಳುತ್ತದೆ. ಗ್ರಬ್ಬಿನ ಮೊದಲ ತುಣುಕು ಉಳಿದಿದ್ದು ಅದಕ್ಕೆ ಬೇಕಾದ ಇತರ ಭಾಗಗಳು ವಿಭಾಗದೊಡನೆ ಅಳಿದಿರುತ್ತವೆ. ಹಾಗಾಗಿ ಗಣಕವು ಕಪ್ಪು ಪರದೆಯಲ್ಲಿ ಆದೇಶಕ್ಕಾಗಿ ಕಾಯುತ್ತ ನಿಲ್ಲುತ್ತದೆ. ಯುಇಎಫ್‌ಐ ಗಣಕದಲ್ಲಿ ಬೂಟ್ ಪಟ್ಟಿಯಿಂದ ವಿಂಡೋಸ್ ಬೂಟ್ ಮ್ಯಾನೇಜರನ್ನು ಆರಿಸಿದರೆ ವಿಂಡೋಸ್ ತೆರೆಯುತ್ತದೆ. ಬಯಾಸ್ ಗಣಕದಲ್ಲಿ ವಿಂಡೋಸಿನ ಸ್ಥಾಪನಾ ಪೆನ್‌ಡ್ರೈವಿನಲ್ಲಿರುವ ದುರಸ್ತಿ ವಿಭಾಗದ ನೆರವಿನಿಂದ ಮಾಸ್ಟರ್ ಬೂಟ್ ರೆಕಾರ್ಡನ್ನು ಸರಿಪಡಿಸಬೇಕು.

4.4 ಭದ್ರತೆಯ ತಡೆಗಳು: ಸೆಕ್ಯೂರ್ ಬೂಟ್ ಎಂಬ ವ್ಯವಸ್ಥೆಯು ಅಧಿಕೃತ ಸಹಿಯಿಲ್ಲದ ಬೂಟ್ ಲೋಡರನ್ನು ತಡೆಯುತ್ತದೆ. 2024ರ ಆಗಸ್ಟ್ ತಿಂಗಳ ವಿಂಡೋಸ್ ನವೀಕರಣದ ಬಳಿಕ ಎರಡು ವ್ಯವಸ್ಥೆಗಳಿದ್ದ ಹಲವು ಗಣಕಗಳಲ್ಲಿ ಲಿನಕ್ಸ್ ತೆರೆಯದೆ, ಭದ್ರತಾ ನೀತಿಯ ಉಲ್ಲಂಘನೆ ಎಂಬ ಅರ್ಥದ ಸಂದೇಶ ಕಾಣಿಸಿಕೊಂಡಿತು. ಸೆಕ್ಯೂರ್ ಬೂಟನ್ನು ತಾತ್ಕಾಲಿಕವಾಗಿ ನಿಲ್ಲಿಸಿ, ಲಿನಕ್ಸನ್ನು ತೆರೆದು ಅದರ ಷಿಮ್ ಎಂಬ ಸಹಿಹೊಂದಿದ ಭಾಗವನ್ನು ನವೀಕರಿಸಿ, ಮರಳಿ ಸಕ್ರಿಯಗೊಳಿಸುವುದು ಇಂತಹ ಸಂದರ್ಭದ ಕ್ರಮ.

ಆದರೆ ಈ ಬದಲಾವಣೆಗೆ ಮುನ್ನ ಬಿಟ್‌ಲಾಕರ್ ಎಂಬ ಗೂಢಲಿಪೀಕರಣ ಸಕ್ರಿಯವಾಗಿದೆಯೇ ಎಂದು ನೋಡಲೇಬೇಕು. ಆರಂಭದ ಕ್ರಮ ಬದಲಾದುದನ್ನು ಕಂಡರೆ ಬಿಟ್‌ಲಾಕರ್ 48 ಅಂಕಿಗಳ ಮರುಪ್ರಾಪ್ತಿ ಸಂಖ್ಯೆಯನ್ನು ಕೇಳಬಹುದು. ಆ ಸಂಖ್ಯೆ ಎಲ್ಲಿಯೂ ದೊರೆಯದಿದ್ದರೆ ಕಡತಗಳು ಡಿಸ್ಕಿನಲ್ಲಿದ್ದೂ ಇಲ್ಲದಂತಾಗುತ್ತವೆ. ಕೆಲವು ಗಣಕಗಳಲ್ಲಿ ಇದು ಬಳಕೆದಾರರ ಅರಿವಿಗೆ ಬಾರದೆಯೇ ಸಕ್ರಿಯವಾಗಿರುವುದುಂಟು. ಆದ್ದರಿಂದ ಎರಡನೆಯ ವ್ಯವಸ್ಥೆಯನ್ನು ಸ್ಥಾಪಿಸುವ ಮುನ್ನವೇ ಈ ಸಂಖ್ಯೆಯನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಬೇಕು.

5. ಆರಂಭದ ನಂತರದ ತೊಡಕುಗಳು

ಎರಡೂ ವ್ಯವಸ್ಥೆಗಳು ಸರಿಯಾಗಿ ತೆರೆಯತೊಡಗಿದ ಮಾತ್ರಕ್ಕೆ ಸಮಸ್ಯೆ ಮುಗಿಯುವುದಿಲ್ಲ. ಸಂಶೋಧಕರ ದೃಷ್ಟಿಯಿಂದ ಇನ್ನೂ ಸೂಕ್ಷ್ಮವಾದ ತೊಡಕುಗಳು ಇಲ್ಲಿಂದ ಆರಂಭವಾಗುತ್ತವೆ. ಇವು ಕೂಡಲೇ ಕಣ್ಣಿಗೆ ಬೀಳದೆ ದಾಖಲೆಯ ಪ್ರಾಮಾಣ್ಯವನ್ನೇ ಕೆಡಿಸಬಲ್ಲವು.

5.1 ಅರೆನಿದ್ದೆಯ ವಿಂಡೋಸ್: ವಿಂಡೋಸ್ 8ರಿಂದ ಈಚೆಗೆ ಫಾಸ್ಟ್ ಸ್ಟಾರ್ಟಪ್ ಎಂಬ ಸೌಲಭ್ಯವಿದೆ. ಇದು ಸಕ್ರಿಯವಾಗಿದ್ದಾಗ ಗಣಕವನ್ನು ಮುಚ್ಚಿದರೂ ವಿಂಡೋಸ್ ಸಂಪೂರ್ಣವಾಗಿ ಮುಚ್ಚಿಕೊಳ್ಳದೆ ತನ್ನ ಸ್ಥಿತಿಯ ಒಂದು ಭಾಗವನ್ನು ಡಿಸ್ಕಿನಲ್ಲಿ ಉಳಿಸಿರುತ್ತದೆ. ಆಗ ಲಿನಕ್ಸಿನಿಂದ ವಿಂಡೋಸಿನ ವಿಭಾಗವನ್ನು ತೆರೆದರೆ ಅದು ಓದಲು ಮಾತ್ರ ದೊರೆಯುತ್ತದೆ, ಇಲ್ಲವೇ ತೆರೆಯುವುದೇ ಇಲ್ಲ. ಇದನ್ನು ದೋಷವೆಂದು ತಿಳಿದು ಬಲವಂತವಾಗಿ ಬರೆಯಲು ಹೋದರೆ ಕಡತಗಳು ಹಾಳಾಗುವ ಸಂಭವವಿದೆ. ವಿಂಡೋಸಿನ ಪವರ್ ಆಯ್ಕೆಗಳಲ್ಲಿ ಈ ಸೌಲಭ್ಯವನ್ನು ನಿಲ್ಲಿಸುವುದೇ ಯೋಗ್ಯ ಪರಿಹಾರ.

5.2 ಐದೂವರೆ ಗಂಟೆಯ ವ್ಯತ್ಯಾಸ: ಮದರ್‌ಬೋರ್ಡಿನಲ್ಲಿರುವ ಗಡಿಯಾರವನ್ನು ವಿಂಡೋಸ್ ಸ್ಥಳೀಯ ಸಮಯವೆಂದು ಭಾವಿಸುತ್ತದೆ, ಲಿನಕ್ಸ್ ಸಾಮಾನ್ಯವಾಗಿ ಅದನ್ನು ಜಾಗತಿಕ ಸಮಯವೆಂದು ಭಾವಿಸುತ್ತದೆ. ಭಾರತೀಯ ಸಮಯವು ಜಾಗತಿಕ ಸಮಯಕ್ಕಿಂತ 5 ಗಂಟೆ 30 ನಿಮಿಷ ಮುಂದಿರುವುದರಿಂದ, ಲಿನಕ್ಸ್ ಬಳಸಿದ ನಂತರ ವಿಂಡೋಸನ್ನು ತೆರೆದರೆ ಗಡಿಯಾರ ಅಷ್ಟೇ ಹಿಂದೆ ಹೋಗಿರುವುದು ಕಂಡುಬರುತ್ತದೆ. ಅಂತರಜಾಲವಿರುವಲ್ಲಿ ಇದು ತಾನಾಗಿ ಸರಿಹೋಗಬಹುದು. ಸಂಪರ್ಕವಿಲ್ಲದ ಹಳ್ಳಿಯಲ್ಲಿ ಲ್ಯಾಪ್‌ಟಾಪಿಗೆ ನೇರವಾಗಿ ಧ್ವನಿಮುದ್ರಣ ಮಾಡುವಾಗ ಹಾಗಾಗುವುದಿಲ್ಲ. ನಡುರಾತ್ರಿ ಎರಡು ಗಂಟೆಗೆ ಮುದ್ರಿತವಾದ ಭಾಗದ ಕಡತವು ಹಿಂದಿನ ದಿನ ರಾತ್ರಿ ಎಂಟೂವರೆಯದೆಂದು ತೋರಿಸುತ್ತದೆ. ರಾತ್ರಿಯಿಡೀ ನಡೆಯುವ ಆಚರಣೆಯಲ್ಲಿ ಯಾವ ಹಾಡು ಯಾವ ವಿಧಿಯ ಹೊತ್ತಿನಲ್ಲಿ ಬಂದಿತೆಂಬುದನ್ನು ಕಡತದ ಸಮಯದಿಂದ ನಿರ್ಣಯಿಸುವವರಿಗೆ ಈ ವ್ಯತ್ಯಾಸ ಪ್ರದರ್ಶನದ ಅನುಕ್ರಮವನ್ನೇ ತಲೆಕೆಳಗು ಮಾಡಬಲ್ಲದು. ಎರಡು ವ್ಯವಸ್ಥೆಗಳಲ್ಲಿ ಒಂದನ್ನು ಇನ್ನೊಂದರ ಕ್ರಮಕ್ಕೆ ಹೊಂದಿಸಿದರೆ ತೊಡಕು ನಿವಾರಣೆಯಾಗುತ್ತದೆ. ಲಿನಕ್ಸಿನಲ್ಲಿ ಸ್ಥಳೀಯ ಸಮಯವನ್ನು ಬಳಸುವಂತೆ ಒಂದೇ ಆದೇಶದಿಂದ ಸೂಚಿಸಬಹುದು. ಏನೇ ಆದರೂ ಧ್ವನಿಮುದ್ರಣದ ಆರಂಭದಲ್ಲಿ ದಿನಾಂಕ, ಸಮಯ, ಸ್ಥಳ ಹಾಗೂ ಹಾಡುಗಾರರ ಹೆಸರನ್ನು ಬಾಯಿಯಿಂದಲೇ ಹೇಳಿ ದಾಖಲಿಸುವ ಹಳೆಯ ಪದ್ಧತಿಯನ್ನು ಕೈಬಿಡಬಾರದು.

5.3 ಅಕ್ಷರಗಳು ಬದಲಾಗಿ ಕಾಣುವುದು: ನುಡಿ, ಬರಹಗಳ ಹಳೆಯ ಫಾಂಟುಗಳಲ್ಲಿ ಸಿದ್ಧಪಡಿಸಿದ ಕಡತಗಳನ್ನು ಲಿನಕ್ಸಿನಲ್ಲಿ ತೆರೆದರೆ ಕನ್ನಡದ ಬದಲು ಚಿಹ್ನೆಗಳನ್ನು ಹೊತ್ತ ರೋಮನ್ ಅಕ್ಷರಗಳ ಸಾಲು ಕಾಣುತ್ತದೆ. ಕಡತ ಕೆಟ್ಟಿದೆ ಎಂದು ತೀರ್ಮಾನಿಸುವುದು ತಪ್ಪು. ಈ ಫಾಂಟುಗಳಲ್ಲಿ ಕನ್ನಡದ ಆಕೃತಿಗಳನ್ನು ರೋಮನ್ ಅಕ್ಷರಗಳ ಸಂಕೇತಸ್ಥಾನಗಳಲ್ಲಿ ಇರಿಸಲಾಗಿದೆ. ಆ ಫಾಂಟು ಇಲ್ಲದ ಕಡೆ ಆ ಸಂಕೇತಗಳೇ ಗೋಚರಿಸುತ್ತವೆ. ಯೂನಿಕೋಡಿನಲ್ಲಿ ಕನ್ನಡಕ್ಕೆ ಪ್ರತ್ಯೇಕ ಸ್ಥಾನಗಳಿರುವುದರಿಂದ ಅಲ್ಲಿ ಈ ತೊಡಕಿಲ್ಲ.

ಇಲ್ಲಿ ಎರಡು ಅಪಾಯಗಳಿವೆ. ಫಾಂಟಿಲ್ಲದ ಸ್ಥಿತಿಯಲ್ಲಿ ಕಡತವನ್ನು ತಿದ್ದಲು ಹೊರಟಾಗ ಪದಸಂಸ್ಕಾರಕದ ಸ್ವಯಂತಿದ್ದುವಿಕೆಯು ಚಿಕ್ಕ ರೋಮನ್ ಅಕ್ಷರವನ್ನು ದೊಡ್ಡದಾಗಿ ಮಾಡಿದರೆ, ಕನ್ನಡದಲ್ಲಿ ಒಂದು ಅಕ್ಷರದ ಬದಲು ಇನ್ನೊಂದು ಬಂದಿರುತ್ತದೆ. ಸರಳ ಪಠ್ಯಕಡತವನ್ನು ಯುಟಿಎಫ್-8 ಎಂದು ತಪ್ಪಾಗಿ ತೆರೆದು ಉಳಿಸಿದರೆ ಗುರುತಿಸಲಾಗದ ಬೈಟುಗಳ ಸ್ಥಾನದಲ್ಲಿ ಪ್ರಶ್ನಾರ್ಥಕದಂತಹ ಚಿಹ್ನೆಗಳು ಸೇರಿ ಮೂಲವು ಶಾಶ್ವತವಾಗಿ ನಷ್ಟವಾಗಬಹುದು. ಆದುದರಿಂದ ಇಂತಹ ಕಡತವನ್ನು ಉಳಿಸದೆ ಮುಚ್ಚಿ, ಪರಿವರ್ತಕ ತಂತ್ರಾಂಶದಿಂದ ಯೂನಿಕೋಡ್ ಪ್ರತಿಯನ್ನು ಪ್ರತ್ಯೇಕವಾಗಿ ಸಿದ್ಧಪಡಿಸಬೇಕು. ಹಳೆಯ ಫಾಂಟಿನಲ್ಲಿ ಅರ್ಕಾವೊತ್ತು ಅಕ್ಷರದ ನಂತರ ಬರುತ್ತದೆ, ಯೂನಿಕೋಡಿನಲ್ಲಿ ರಕಾರ ಮೊದಲು ಬರುತ್ತದೆ. ಪರಿವರ್ತನೆಯಲ್ಲಿ ಅರ್ಕಾವೊತ್ತು, ಒತ್ತಕ್ಷರಗಳು ಹಾಗೂ ಉಪಭಾಷೆಯ ಉಚ್ಚಾರಣೆಗೆಂದು ಬಳಸಿದ ವಿಶೇಷ ಚಿಹ್ನೆಗಳು ಪಲ್ಲಟಗೊಳ್ಳುವ ಸಾಧ್ಯತೆ ಇರುವುದರಿಂದ ಪರಿವರ್ತಿತ ಪಾಠವನ್ನು ಧ್ವನಿಯೊಡನೆ ಮತ್ತೊಮ್ಮೆ ಹೋಲಿಸಿ ನೋಡಬೇಕು.

6. ದಾಖಲೆಗೆ ನಿಜವಾದ ಅಪಾಯವಿರುವ ಸಂದರ್ಭಗಳು

ಮೇಲಿನ ತೊಡಕುಗಳಲ್ಲಿ ಹೆಚ್ಚಿನವು ಪರಿಹಾರವುಳ್ಳವು. ಇವುಗಳಿಂದ ಬೇರೆಯಾಗಿ ಮೂರು ಸಂದರ್ಭಗಳಲ್ಲಿ ದಾಖಲೆಗೇ ನೇರವಾದ ಅಪಾಯವಿದೆ. ಮೊದಲನೆಯದು, ಸ್ಥಾಪನೆಯ ವೇಳೆಯಲ್ಲಿ ‘ಇಡೀ ಡಿಸ್ಕನ್ನು ಅಳಿಸಿ ಸ್ಥಾಪಿಸು’ ಎಂಬ ಅರ್ಥದ ಆಯ್ಕೆಯನ್ನು ಒತ್ತುವುದು. ಎರಡನೆಯದು, ಲಿನಕ್ಸಿನ ಇಎಕ್ಸ್‌ಟಿ4 ವಿನ್ಯಾಸದ ಬಾಹ್ಯ ಡಿಸ್ಕನ್ನು ವಿಂಡೋಸಿಗೆ ಜೋಡಿಸುವುದು. ವಿಂಡೋಸ್ ಆ ವಿನ್ಯಾಸವನ್ನು ತಾನಾಗಿ ಓದಲಾರದೆ, ಬಳಸುವ ಮುನ್ನ ಡಿಸ್ಕನ್ನು ಫಾರ್ಮ್ಯಾಟ್ ಮಾಡಬೇಕೆಂದು ಕೇಳಬಹುದು. ತುಂಬಿದ ಡಿಸ್ಕು ಖಾಲಿಯೆಂದು ಭಾವಿಸಿ ಒಪ್ಪಿಗೆ ನೀಡಿದರೆ ಅನರ್ಥವಾಗುತ್ತದೆ. ಎರಡೂ ವ್ಯವಸ್ಥೆಗಳ ನಡುವೆ ಓಡಾಡುವ ಡಿಸ್ಕಿಗೆ ಎರಡೂ ಓದಬಲ್ಲ ಎಕ್ಸ್‌ಫ್ಯಾಟ್ ಅಥವಾ ಎನ್‌ಟಿಎಫ್‌ಎಸ್ ವಿನ್ಯಾಸವೇ ಸೂಕ್ತ. ಮೂರನೆಯದು, ಮೇಲೆ ಹೇಳಿದಂತೆ ದುರಸ್ತಿಯ ಹೆಸರಿನಲ್ಲಿ ನಡೆಯುವ ಫಾರ್ಮ್ಯಾಟ್.

ಇಂತಹದೇನಾದರೂ ನಡೆದುಹೋದರೆ ಆ ಡಿಸ್ಕಿನ ಬಳಕೆಯನ್ನು ತಕ್ಷಣ ನಿಲ್ಲಿಸಬೇಕು. ತಿರುಗುವ ಹಾರ್ಡ್ ಡಿಸ್ಕಿನಲ್ಲಿ ಹೊಸದೇನನ್ನೂ ಬರೆಯದಿದ್ದರೆ ಹಳೆಯ ಕಡತಗಳ ಬೈಟುಗಳು ಸ್ವಸ್ಥಾನದಲ್ಲಿ ಉಳಿದಿರುವ ಸಾಧ್ಯತೆಯಿದೆ. ಟೆಸ್ಟ್‌ಡಿಸ್ಕ್ ಎಂಬ ಮುಕ್ತ ತಂತ್ರಾಂಶವು ಕಳೆದುಹೋದ ವಿಭಾಗಗಳ ಪಟ್ಟಿಯನ್ನು ಹುಡುಕಿ ಕೊಡಬಲ್ಲದು. ಅದರ ಜೊತೆಗಾರನಾದ ಫೋಟೊರೆಕ್ ಕಡತಗಳನ್ನು ಅವುಗಳ ಸ್ವರೂಪದಿಂದ ಗುರುತಿಸಿ ಹೊರತೆಗೆಯಬಲ್ಲದು. ಆದರೆ ಫೋಟೊರೆಕ್ ಹೊರತೆಗೆದ ಕಡತಗಳಿಗೆ ಸಾಮಾನ್ಯವಾಗಿ ಮೂಲ ಹೆಸರು ಇರುವುದಿಲ್ಲ. ಹಾಡುಗಾರರ ಹೆಸರಾಗಲಿ ಊರಾಗಲಿ ತಿಳಿಯದ ನೂರಾರು ಧ್ವನಿಕಡತಗಳು ಎಷ್ಟರಮಟ್ಟಿಗೆ ಜಾನಪದ ದಾಖಲೆಯಾಗಿ ಉಳಿಯಬಲ್ಲವು ಎಂಬುದು ವಿಚಾರಣೀಯ. ಸಾಲಿಡ್ ಸ್ಟೇಟ್ ಡಿಸ್ಕುಗಳಲ್ಲಿ ಈ ಅವಕಾಶವೂ ಕಡಿಮೆ. ಫಾರ್ಮ್ಯಾಟ್ ಆದ ಕೂಡಲೇ ಟ್ರಿಮ್ ಎಂಬ ಆದೇಶದ ಮೂಲಕ ಆ ಸ್ಥಳಗಳು ಖಾಲಿಯೆಂದು ಡಿಸ್ಕಿಗೆ ತಿಳಿಸಲ್ಪಡುವುದರಿಂದ ಮರುಪಡೆಯುವಿಕೆ ಬಹುಮಟ್ಟಿಗೆ ಅಸಾಧ್ಯವಾಗುತ್ತದೆ.

7. ಉಪಸಂಹಾರ

ಎರಡು ಕಾರ್ಯಾಚರಣಾ ವ್ಯವಸ್ಥೆಗಳ ಗಣಕವು ಸ್ವತಃ ಅಪಾಯಕಾರಿಯಲ್ಲ. ಸ್ಥಾಪನೆಗೆ ಮುನ್ನ ದಾಖಲೆಗಳ ಎರಡು ಪ್ರತಿಗಳನ್ನು ಮಾಡಿ ಒಂದನ್ನು ಬೇರೆ ಕಟ್ಟಡದಲ್ಲಿ ಇಡುವುದು, ಬಿಟ್‌ಲಾಕರ್ ಸಂಖ್ಯೆಯನ್ನು ಬರೆದಿಡುವುದು, ಫಾಸ್ಟ್ ಸ್ಟಾರ್ಟಪ್ಪನ್ನು ನಿಲ್ಲಿಸುವುದು, ವಿಂಡೋಸನ್ನು ಮೊದಲು ಹಾಗೂ ಲಿನಕ್ಸನ್ನು ನಂತರ ಒಂದೇ ಪದ್ಧತಿಯಲ್ಲಿ ಸ್ಥಾಪಿಸುವುದು, ಧ್ವನಿಕಡತಗಳನ್ನು ಎರಡೂ ವ್ಯವಸ್ಥೆಗಳಿಂದ ಪ್ರತ್ಯೇಕವಾದ ವಿಭಾಗದಲ್ಲಿ ಇರಿಸುವುದು ಎಂಬ ಐದು ಕ್ರಮಗಳನ್ನು ಪಾಲಿಸಿದರೆ ಮೇಲೆ ವಿವರಿಸಿದ ತೊಡಕುಗಳಲ್ಲಿ ಹೆಚ್ಚಿನವು ತಲೆದೋರುವುದಿಲ್ಲ.

ಇವುಗಳ ಜೊತೆಗೆ ಪ್ರತಿ ದಾಖಲೀಕರಣ ಕೇಂದ್ರವೂ ಗಣಕಕ್ಕೊಂದರಂತೆ ದಾಖಲೆ ಪುಸ್ತಕವನ್ನು ಇಡುವುದು ಅಗತ್ಯ. ಹಾಡಿನ ಪಠ್ಯದೊಡನೆ ಹಾಡಿದವರು, ಸ್ಥಳ, ಸಂದರ್ಭ, ಕೇಳುಗರು ಎಂಬ ವಿವರಗಳನ್ನು ದಾಖಲಿಸದಿದ್ದರೆ ಆ ಪಠ್ಯ ಅಪೂರ್ಣವೆಂದು ಜಾನಪದ ಅಧ್ಯಯನವು ಬಹುಕಾಲದಿಂದ ಒಪ್ಪಿಕೊಂಡಿದೆ. ಪಠ್ಯವನ್ನು ಹೊತ್ತ ಯಂತ್ರಕ್ಕೂ ಅದೇ ಶಿಸ್ತನ್ನು ಅನ್ವಯಿಸಬೇಕು. ಯಾವ ವರ್ಷ ಯಾವ ವ್ಯವಸ್ಥೆ ಸ್ಥಾಪಿತವಾಯಿತು, ಯಾವ ವಿಭಾಗದಲ್ಲಿ ಏನಿದೆ, ಯಾವ ಕಡತ ಯಾವ ಫಾಂಟಿನದು, ಗಡಿಯಾರ ಯಾವ ಕ್ರಮದಲ್ಲಿದೆ ಎಂಬುದು ಆ ಪುಸ್ತಕದಲ್ಲಿರಬೇಕು. ಗಣಕವನ್ನು ದುರಸ್ತಿಗೆ ಕಳುಹಿಸುವಾಗ ‘ಈ ಡಿಸ್ಕನ್ನು ಫಾರ್ಮ್ಯಾಟ್ ಮಾಡಕೂಡದು’ ಎಂಬ ಬರಹವನ್ನು ಅದರ ಮೇಲೆ ಅಂಟಿಸಿ ಕಳುಹಿಸುವುದು ಇವೆಲ್ಲಕ್ಕಿಂತ ಕಡಿಮೆ ಖರ್ಚಿನ, ಹೆಚ್ಚು ಫಲದಾಯಕವಾದ ಮುನ್ನೆಚ್ಚರಿಕೆಯಾಗಿದೆ.